ಎರಡು ಪದರಗಳ ನಡುವಿನ ಗಡಿ: ಓಎಲ್‌ಇಡಿಯ ದಕ್ಷತೆಯನ್ನು ಬದಲಿಸಿದ 1987ರ ಪ್ರಯೋಗ

ಆಂಥ್ರಸೀನ್ ಹರಳಿನ ಮೇಲೆ ನೇರಳಾತೀತ ಬೆಳಕು ಬಿದ್ದರೆ ಅದು ತಿಳಿನೀಲಿಯಾಗಿ ಹೊಳೆಯುತ್ತದೆ. ಹೀರಿಕೊಂಡ ಫೋಟಾನುಗಳಲ್ಲಿ ಬಹುಪಾಲನ್ನು ಮತ್ತೆ ಬೆಳಕಾಗಿಯೇ ಹಿಂತಿರುಗಿಸುತ್ತದೆ. ಇಷ್ಟು ಚೆನ್ನಾಗಿ ಹೊಳೆಯುವ ವಸ್ತುವಿಗೆ ಬೆಳಕಿನ ಬದಲು ವಿದ್ಯುತ್ ಕೊಟ್ಟರೆ ದೀಪವಾಗಬೇಕಲ್ಲ ಎಂದು 1960ರ ದಶಕದಲ್ಲೇ ಹಲವರು ಕೈಹಾಕಿದರು. ಇಂಥ ಇಂಗಾಲದ ಸಂಯುಕ್ತಗಳ ದೀಪವನ್ನೇ ಇಂದು ಓಎಲ್‌ಇಡಿ (ಸಾವಯವ ಎಲ್‌ಇಡಿ) ಎನ್ನುತ್ತೇವೆ. 1963ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮಾರ್ಟಿನ್ ಪೋಪ್ ಮತ್ತು ಸಂಗಡಿಗರು ತೆಳು ಆಂಥ್ರಸೀನ್ ಹರಳನ್ನು ಬೆಳಗಿಸಿದರು. ಅದಕ್ಕೆ 400 ವೋಲ್ಟ್ ಬೇಕಾಯಿತು. 1965ರಲ್ಲಿ ಕೆನಡಾದ ಒಟ್ಟಾವಾದಲ್ಲಿ ವೋಲ್ಫ್‌ಗಾಂಗ್ ಹೆಲ್ಫ್ರಿಷ್ ಮತ್ತು ಶ್ನೈಡರ್ ಹರಳಿನ ಒಂದು ಬದಿಯಿಂದ ಎಲೆಕ್ಟ್ರಾನುಗಳನ್ನೂ ಇನ್ನೊಂದು ಬದಿಯಿಂದ ರಂಧ್ರಗಳನ್ನೂ (ಎಲೆಕ್ಟ್ರಾನು ತೆರವಾದ ಜಾಗಗಳನ್ನೂ) ಒಳಗೆ ಕಳಿಸಿ, ಅವು ಕೂಡಿದಾಗ ಬೆಳಕು ಹುಟ್ಟುವುದನ್ನು ಸ್ಪಷ್ಟವಾಗಿ ತೋರಿಸಿದರು. ಅಲ್ಲಿಯೂ ನೂರಾರು ವೋಲ್ಟ್. 1982ರಲ್ಲಿ ವಿನ್ಸೆಟ್ ಮತ್ತು ಸಂಗಡಿಗರು ಹರಳು ಬಿಟ್ಟು ತೆಳು ಪೊರೆಗೆ ಬಂದರು. ವೋಲ್ಟೇಜ್ 30ರ ಕೆಳಗಿಳಿಯಿತು, ದಕ್ಷತೆ ಮಾತ್ರ ಶೇ. 0.1ನ್ನೂ ಮುಟ್ಟಲಿಲ್ಲ.

ಈಗ ಇನ್ನೊಂದು ವಸ್ತುವನ್ನು ನೋಡಿ. ಅಲ್ಯೂಮಿನಿಯಂನ ಒಂದು ಪರಮಾಣುವಿನ ಸುತ್ತ 8-ಹೈಡ್ರಾಕ್ಸಿಕ್ವಿನೊಲಿನ್‌ನ ಮೂರು ಘಟಕಗಳು ಕೂತಿರುವ ಸಂಯುಕ್ತ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವರಿಗೆ ಇದು ಹಳೆಯ ಪರಿಚಯ. ದ್ರಾವಣದಲ್ಲಿ ಅಲ್ಯೂಮಿನಿಯಂ ಎಷ್ಟಿದೆ ಎಂದು ಕಂಡುಹಿಡಿಯಲು ‘ಆಕ್ಸೀನ್’ (ಅದೇ 8-ಹೈಡ್ರಾಕ್ಸಿಕ್ವಿನೊಲಿನ್) ಸುರಿದು, ಹಳದಿ ಗಸಿ ಇಳಿಸಿ, ಸೋಸಿ, ಒಣಗಿಸಿ ತೂಗುವ ಪ್ರಯೋಗ. ನಾನೂ ವಿದ್ಯಾರ್ಥಿಯಾಗಿ ಅದನ್ನು ತೂಗಿದ್ದೇನೆ. ಆ ಹಳದಿ ಪುಡಿ ನೇರಳಾತೀತ ದೀಪದಡಿ ಹಸಿರಾಗಿ ಹೊಳೆಯುತ್ತದೆ. ಆದರೆ ಆಂಥ್ರಸೀನಿನ ಮುಂದೆ ಅದು ಸಾಧಾರಣವೇ. ತೆಳು ಪೊರೆಯಾಗಿರುವಾಗ ಹೀರಿದ್ದರಲ್ಲಿ ಸುಮಾರು ಕಾಲು ಭಾಗವನ್ನಷ್ಟೇ ಬೆಳಕಾಗಿ ಕೊಡುತ್ತದೆ. ಓಎಲ್‌ಇಡಿ ಲೋಕದಲ್ಲಿ ಇದರ ಹೆಸರು ಆಲ್ಕ್ಯೂ-3.

1987ರ ಸೆಪ್ಟೆಂಬರಿನಲ್ಲಿ ‘ಅಪ್ಲೈಡ್ ಫಿಸಿಕ್ಸ್ ಲೆಟರ್ಸ್’ ಪತ್ರಿಕೆಯಲ್ಲಿ ಮೂರು ಪುಟಗಳ ಒಂದು ಪ್ರಬಂಧ ಬಂತು. ಬರೆದವರು ಅಮೆರಿಕದ ರೋಚೆಸ್ಟರಿನಲ್ಲಿದ್ದ ಈಸ್ಟ್‌ಮನ್ ಕೊಡಾಕ್ ಕಂಪನಿಯ ಚಿಂಗ್ ಟಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್. ಅವರ ದೀಪ ಬೆಳಕು ಸೂಸಿದ್ದು ಈ ಸಾಧಾರಣ ಆಲ್ಕ್ಯೂ-3ರಿಂದ. ಅದು ಸುಮಾರು 2.5 ವೋಲ್ಟಿಗೇ ಮಿನುಗತೊಡಗಿತು. 10 ವೋಲ್ಟ್ ತಲುಪುವ ಮೊದಲೇ ಚದರ ಮೀಟರಿಗೆ 1000 ಕ್ಯಾಂಡೆಲಾ ದಾಟಿತು. ಅದು ಕೋಣೆಯೊಳಗೆ ನೋಡುವ ಟಿವಿ ಪರದೆಗೆ ಬೇಕಾದ್ದಕ್ಕಿಂತ ಹೆಚ್ಚಿನ ಪ್ರಖರತೆ. ಒಳಗೆ ಹರಿದ ನೂರು ಎಲೆಕ್ಟ್ರಾನುಗಳಿಗೆ ಒಂದು ಫೋಟಾನು ಗಾಜಿನ ಹೊರಗೆ ಬಂತು. ಅಂದರೆ ಶೇ. 1ರ ದಕ್ಷತೆ, ಹಿಂದಿನ ಆಂಥ್ರಸೀನ್ ಪೊರೆಗಳಿಗಿಂತ ಹತ್ತು ಪಟ್ಟಿಗೂ ಹೆಚ್ಚು.

ಹೆಚ್ಚು ಹೊಳೆಯುವ ವಸ್ತು ಸೋತಲ್ಲಿ ಕಡಿಮೆ ಹೊಳೆಯುವ ವಸ್ತು ಗೆದ್ದದ್ದು ಹೇಗೆ? ಈ ಬರಹ ಹಿಡಿದು ಹೊರಟಿರುವುದು ಈ ಒಂದು ಪ್ರಶ್ನೆಯನ್ನು. ಓಎಲ್‌ಇಡಿಯ ಇತಿಹಾಸ ಹೇಳುವವರು ಸಾಮಾನ್ಯವಾಗಿ ಟಾಂಗ್ ಒಳ್ಳೆಯ ಹೊಳೆಯುವ ವಸ್ತುವೊಂದನ್ನು ಕಂಡುಹಿಡಿದರು ಎಂಬಂತೆ ಹೇಳುತ್ತಾರೆ. ಅದು ತಪ್ಪು ಎಂದು ನನಗೆ ಅನಿಸುತ್ತದೆ. ಅವರು ಕಂಡುಕೊಂಡದ್ದು ಒಂದು ಜಾಗವನ್ನು: ಎಲೆಕ್ಟ್ರಾನೂ ರಂಧ್ರವೂ ಎಲ್ಲಿ ಕೂಡಬೇಕು ಎಂಬುದನ್ನು.

ಒಂದೇ ಪದರದ ತೊಂದರೆ

‘ಸಾವಯವ’ ಎಂದೊಡನೆ ನಮಗೆ ಕೃಷಿ ನೆನಪಾಗುವುದು ಸಹಜ. ಇಲ್ಲಿ ಅದರ ಅರ್ಥ ಇಂಗಾಲದ ಸಂಯುಕ್ತ ಎಂದಷ್ಟೇ. ಇಂಥ ವಸ್ತುಗಳಲ್ಲಿ ವಿದ್ಯುತ್ತು ತಾಮ್ರದ ತಂತಿಯಲ್ಲಿ ಹರಿದಂತೆ ಹರಿಯುವುದಿಲ್ಲ. ಎಲೆಕ್ಟ್ರಾನು ಒಂದು ಅಣುವಿನಿಂದ ಪಕ್ಕದ ಅಣುವಿಗೆ ಜಿಗಿಯುತ್ತ ಸಾಗಬೇಕು. ಎಲೆಕ್ಟ್ರಾನು ತೆರವು ಮಾಡಿದ ಜಾಗವನ್ನು ರಂಧ್ರ ಎನ್ನುತ್ತೇವೆ. ಅದೂ ಧನ ಆವೇಶದಂತೆ ಎದುರು ದಿಕ್ಕಿನಲ್ಲಿ ಜಿಗಿಯುತ್ತದೆ. ಎರಡೂ ಒಂದೇ ಅಣುವಿನಲ್ಲಿ ಸೇರಿದರೆ ಅಲ್ಲಿ ‘ಎಕ್ಸಿಟಾನ್’ ಎಂಬ ಉದ್ರೇಕಿತ ಸ್ಥಿತಿ ಉಂಟಾಗುತ್ತದೆ. ಆ ಉದ್ರೇಕ ಇಳಿಯುವಾಗ ಬೆಳಕು ಹೊರಡುತ್ತದೆ, ಇಲ್ಲವೇ ಶಾಖವಾಗಿ ಹೋಗುತ್ತದೆ.

ಎರಡು ಲೋಹಗಳ ನಡುವೆ ಒಂದೇ ಸಾವಯವ ಪದರವಿದ್ದರೆ ಏನಾಗುತ್ತದೆ ಎಂದು ಊಹಿಸಿ. ಬಹುತೇಕ ಸಾವಯವ ವಸ್ತುಗಳು ಒಂದು ಬಗೆಯ ಆವೇಶವನ್ನು ಸಲೀಸಾಗಿ ಸಾಗಿಸುತ್ತವೆ, ಇನ್ನೊಂದನ್ನು ಒಲ್ಲದ ಮನಸ್ಸಿನಿಂದ. ಲೋಹದಿಂದ ಒಳಗೆ ಬರುವ ದಾರಿಯೂ ಹಾಗೆಯೇ, ಒಂದಕ್ಕೆ ಸುಲಭ, ಇನ್ನೊಂದಕ್ಕೆ ಎತ್ತರದ ಹೊಸ್ತಿಲು. ಒಂದು ಕಡೆಯಿಂದ ಹೊಳೆ, ಇನ್ನೊಂದು ಕಡೆಯಿಂದ ಹನಿ. ಹೊಳೆಯಾಗಿ ಬಂದ ರಂಧ್ರಗಳಲ್ಲಿ ಬಹುಪಾಲು ಯಾರನ್ನೂ ಸಂಧಿಸದೆ ಎದುರಿನ ಲೋಹ ಸೇರುತ್ತವೆ. ಅದಷ್ಟೂ ವ್ಯರ್ಥವಾದ ವಿದ್ಯುತ್ತು. ಆಗೊಮ್ಮೆ ಈಗೊಮ್ಮೆ ಸಂಧಿಸಿದರೂ ಆ ಭೇಟಿ ನಡೆಯುವುದು ಎಲೆಕ್ಟ್ರಾನು ಒಳಬಂದ ಲೋಹದ ಮಗ್ಗುಲಲ್ಲೇ. ಲೋಹದ ಹತ್ತಿರ ಹುಟ್ಟಿದ ಎಕ್ಸಿಟಾನ್ ತನ್ನ ಶಕ್ತಿಯನ್ನು ಲೋಹಕ್ಕೇ ಒಪ್ಪಿಸಿ ಬೆಳಕಿಲ್ಲದೆ ಆರಿಹೋಗುತ್ತದೆ.

ಆಂಥ್ರಸೀನಿಗೆ ಇದರ ಮೇಲೆ ಇನ್ನೊಂದು ತೊಡಕಿತ್ತು. ಅದು ಪೊರೆಯಾಗಿ ಕೂರುವಾಗಲೂ ಸಣ್ಣ ಸಣ್ಣ ಹರಳುಗಳಾಗುತ್ತದೆ. ಹರಳುಗಳ ನಡುವೆ ಸೂಜಿಮೊನೆಯಷ್ಟು ಸಂದು ಉಳಿದರೂ ಅಲ್ಲಿ ಎರಡು ಲೋಹಗಳು ನೇರ ತಾಗಿ ಶಾರ್ಟ್ ಆಗುತ್ತದೆ. ಹಾಗಾಗದಿರಲು ಪೊರೆ ದಪ್ಪಗಿರಬೇಕು. ದಪ್ಪಗಾದಷ್ಟೂ ವೋಲ್ಟೇಜ್ ಏರುತ್ತದೆ.

ಟಾಂಗ್ ಬಂದ ದಾರಿ

ಚಿಂಗ್ ಟಾಂಗ್ ಹುಟ್ಟಿದ್ದು 1947ರಲ್ಲಿ ಹಾಂಗ್‌ಕಾಂಗ್‌ನಲ್ಲಿ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮುಗಿಸಿ 1975ರಲ್ಲಿ ಕೊಡಾಕ್ ಸೇರಿದರು. ಮೊದಲು ಅವರು ಮಾಡುತ್ತಿದ್ದದ್ದು ದೀಪವಲ್ಲ, ಸಾವಯವ ಸೌರಕೋಶ. 1986ರಲ್ಲಿ ಪ್ರಕಟವಾದ ಅವರ ಎರಡು ಪದರದ ಸೌರಕೋಶದಲ್ಲಿ ಒಂದು ಪದರ ತಾಮ್ರದ ಥ್ಯಾಲೊಸಯನೀನ್, ಇನ್ನೊಂದು ಪೆರಿಲೀನ್ ಬಣ್ಣದ ಒಂದು ಸಂಯುಕ್ತ. ತಾಮ್ರದ ಥ್ಯಾಲೊಸಯನೀನ್ ಯಾವುದೋ ಅಪರೂಪದ ವಸ್ತುವಲ್ಲ, ಪತ್ರಿಕೆಗಳ ಬಣ್ಣದ ಪುಟಗಳಲ್ಲಿ ಕಾಣುವ ನೀಲಿ ಶಾಯಿಯ ವರ್ಣದ್ರವ್ಯ ಅದೇ. ಸೌರಕೋಶದಲ್ಲಿ ಬೆಳಕು ಬಿದ್ದು ಹುಟ್ಟಿದ ಎಕ್ಸಿಟಾನ್ ಎರಡು ಪದರಗಳ ಗಡಿಗೆ ಬಂದು ಎಲೆಕ್ಟ್ರಾನು ಮತ್ತು ರಂಧ್ರವಾಗಿ ಒಡೆಯುತ್ತದೆ. ಒಂದು ಈ ಪದರದಲ್ಲಿ, ಇನ್ನೊಂದು ಆ ಪದರದಲ್ಲಿ ಹೊರಟುಹೋಗುತ್ತದೆ. ಆ ಕೋಶ ಬಿಸಿಲಿನ ಸುಮಾರು ಶೇ. 1ರಷ್ಟನ್ನು ವಿದ್ಯುತ್ತಾಗಿಸಿತು, ಸಾವಯವ ಸೌರಕೋಶಕ್ಕೆ ಅಂದಿಗೆ ದೊಡ್ಡ ಹೆಜ್ಜೆ.

ದೀಪ ಎಂದರೆ ಈ ಕೆಲಸ ತಿರುಗುಮುರುಗಾಗಿ ನಡೆಯುವುದು. ಗಡಿಯಲ್ಲಿ ಒಡೆಯುವ ಬದಲು ಗಡಿಯಲ್ಲಿ ಕೂಡಬೇಕು. ಹಾಗಿದ್ದರೆ ಗಡಿಯ ಎರಡು ಬದಿಗೆ ಎಂಥ ವಸ್ತುಗಳು ಬೇಕು?

ಕೊಡಾಕ್‌ನಂಥ ಕಂಪನಿಯಲ್ಲಿ ಇದ್ದದ್ದು ಇಲ್ಲಿ ಟಾಂಗ್‌ಗೆ ನೆರವಾಯಿತು. ಜೆರಾಕ್ಸ್ ಯಂತ್ರದ ಒಳಗೆ ಬೆಳಕು ಬಿದ್ದಲ್ಲಿ ಆವೇಶ ಸಾಗಿಸುವ ಒಂದು ಸಾವಯವ ಪೊರೆ ಇರುತ್ತದೆ. ಅದಕ್ಕಾಗಿ ಟ್ರೈಅರೈಲ್‌ಅಮೀನ್ ಜಾತಿಯ ವಸ್ತುಗಳನ್ನು ಆ ಉದ್ಯಮ ಆಗಲೇ ಬಳಸುತ್ತಿತ್ತು. ಇವು ರಂಧ್ರಗಳನ್ನು ಬಲು ಸುಲಭವಾಗಿ ಸಾಗಿಸುತ್ತವೆ, ಎಲೆಕ್ಟ್ರಾನುಗಳನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಆವಿಯಾಗಿಸಿ ಗಾಜಿನ ಮೇಲೆ ಕೂರಿಸಿದರೆ ಹರಳಾಗದೆ, ಗಾಜಿನಂತೆಯೇ ನುಣ್ಣನೆಯ ಪೊರೆಯಾಗುತ್ತವೆ. ಟಾಂಗ್ ಮತ್ತು ವ್ಯಾನ್ ಸ್ಲೈಕ್ ಮೊದಲ ಪದರಕ್ಕೆ ಈ ಜಾತಿಯ ಟಿಎಪಿಸಿ ಎಂಬ ಡೈಅಮೀನನ್ನು ತೆಗೆದುಕೊಂಡರು. ಎರಡನೆಯ ಪದರಕ್ಕೆ ಎಲೆಕ್ಟ್ರಾನು ಸಾಗಿಸುವ, ಹೊಳೆಯುವ, ಇಷ್ಟೇ ನುಣ್ಣಗೆ ಕೂರುವ ವಸ್ತು ಬೇಕಿತ್ತು. ಆಲ್ಕ್ಯೂ-3 ಈ ಮೂರನ್ನೂ ಮಾಡುತ್ತಿತ್ತು. ಹೊಳಪಿನಲ್ಲಿ ಅದು ಮೊದಲ ಸ್ಥಾನದ್ದಲ್ಲ, ಮೂರೂ ಗುಣ ಒಟ್ಟಿಗೆ ಇದ್ದದ್ದು ಅದರ ಹೆಚ್ಚುಗಾರಿಕೆ.

ಸಾಧನದ ಒಳಗೆ

ತಳದಲ್ಲಿ ಗಾಜು. ಅದರ ಮೇಲೆ ಇಂಡಿಯಂ ಟಿನ್ ಆಕ್ಸೈಡಿನ ಪಾರದರ್ಶಕ ಲೇಪ, ರಂಧ್ರಗಳು ಒಳಬರುವ ಬಾಗಿಲು. ಅದರ ಮೇಲೆ 75 ನ್ಯಾನೊಮೀಟರ್ ಟಿಎಪಿಸಿ. ಅದರ ಮೇಲೆ 60 ನ್ಯಾನೊಮೀಟರ್ ಆಲ್ಕ್ಯೂ-3. ಮೇಲ್ಗಡೆ ಮೆಗ್ನೀಸಿಯಂ ಮತ್ತು ಬೆಳ್ಳಿಯ ಮಿಶ್ರಲೋಹ, ಹತ್ತು ಮೆಗ್ನೀಸಿಯಂ ಪರಮಾಣುಗಳಿಗೆ ಒಂದು ಬೆಳ್ಳಿ. ಎಲೆಕ್ಟ್ರಾನುಗಳನ್ನು ಸುಲಭವಾಗಿ ಬಿಟ್ಟುಕೊಡುವುದು ಮೆಗ್ನೀಸಿಯಂ. ಆದರೆ ಒಂಟಿಯಾಗಿ ಅದು ಸಾವಯವ ಪದರಕ್ಕೆ ಸರಿಯಾಗಿ ಅಂಟುವುದಿಲ್ಲ, ಗಾಳಿ ತಾಗಿದರೆ ಬೇಗ ಹಾಳಾಗುತ್ತದೆ. ಬೆಳ್ಳಿ ಸೇರಿಸಿದ್ದು ಅದಕ್ಕಾಗಿ. ಆಕ್ಸೈಡಿನ ಮೇಲಿನದೆಲ್ಲವನ್ನೂ ನಿರ್ವಾತ ಕೋಣೆಯಲ್ಲಿ ಒಂದಾದ ಮೇಲೊಂದು ಆವಿಯಾಗಿಸಿ ಕೂರಿಸಿದ್ದು.

ಎರಡು ಸಾವಯವ ಪದರಗಳೂ ಸೇರಿ 135 ನ್ಯಾನೊಮೀಟರ್. ಒಂದು ಮೈಕ್ರೊಮೀಟರಿನ ಧೂಳಿನ ಕಣ ಇದರ ಏಳು ಪಟ್ಟು ದಪ್ಪ. ಇಷ್ಟು ತೆಳುವಾದದ್ದರ ಅಡ್ಡಕ್ಕೆ 10 ವೋಲ್ಟ್ ಕೊಟ್ಟರೆ ಒಳಗಿನ ವಿದ್ಯುತ್ ಕ್ಷೇತ್ರ ಸೆಂಟಿಮೀಟರಿಗೆ ಏಳು ಲಕ್ಷ ವೋಲ್ಟಿಗೂ ಹೆಚ್ಚಾಗುತ್ತದೆ. ಕಡಿಮೆ ವೋಲ್ಟಿಗೆ ದೀಪ ಹತ್ತಿದ್ದರಲ್ಲಿ ಅರ್ಧ ಕಾರಣ ಈ ತೆಳುತನ. ಉಳಿದ ಅರ್ಧ ಗಡಿಯದ್ದು. ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ರಂಧ್ರಗಳು ಟಿಎಪಿಸಿಯಲ್ಲಿ ಓಡುವ ವೇಗ, ಆಲ್ಕ್ಯೂ-3ರಲ್ಲಿ ಎಲೆಕ್ಟ್ರಾನು ಸಾಗುವ ವೇಗಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು. ಹೀಗಾಗಿ ರಂಧ್ರಗಳು ಮೊದಲೇ ಗಡಿಗೆ ಬಂದು ತಲುಪುತ್ತವೆ. ಅಲ್ಲಿಂದ ಆಲ್ಕ್ಯೂ-3ರ ಒಳಗೆ ಹೋಗಲು ಅವುಗಳಿಗೆ ಒಂದು ಸಣ್ಣ ಮೆಟ್ಟಿಲು ಅಡ್ಡ, ಅದರಾಚೆಯ ದಾರಿಯೂ ಕೆಸರು. ಆದ್ದರಿಂದ ಗಡಿಯಲ್ಲೇ ಗುಂಪುಗೂಡುತ್ತವೆ. ಹೀಗೆ ನೆರೆದ ಧನ ಆವೇಶದಿಂದ ಕೊಟ್ಟ ವೋಲ್ಟೇಜಿನ ದೊಡ್ಡ ಪಾಲು ಆಲ್ಕ್ಯೂ-3ರ 60 ನ್ಯಾನೊಮೀಟರಿನ ಮೇಲೇ ಬೀಳುತ್ತದೆ. ಆಗ ಎದುರಿನ ಲೋಹದಿಂದ ಎಲೆಕ್ಟ್ರಾನುಗಳು ಇನ್ನಷ್ಟು ಸುಲಭವಾಗಿ ಒಳಬರುತ್ತವೆ. ರಂಧ್ರಗಳು ಹೆಚ್ಚಾದರೆ ತಮ್ಮ ಎದುರಾಳಿಯನ್ನು ತಾವೇ ಎಳೆದುಕೊಳ್ಳುತ್ತವೆ, ಹೊಳೆಗೂ ಹನಿಗೂ ಇದ್ದ ಅಂತರ ತಾನಾಗಿ ಕಡಿಮೆಯಾಗುತ್ತದೆ. ಇಡೀ ಸಾಧನದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವುದು ಇದು.

ಎಲೆಕ್ಟ್ರಾನು ಗಡಿಗೆ ಬಂದಾಗ ಅದರ ಮುಂದಿರುವುದು ಸಣ್ಣ ಮೆಟ್ಟಿಲಲ್ಲ, ಗೋಡೆ. ಟಿಎಪಿಸಿಯ ಒಳಗೆ ಹೋಗಬೇಕಾದರೆ ಅದು ಸುಮಾರು 1 ಎಲೆಕ್ಟ್ರಾನ್‌ವೋಲ್ಟ್ ಏರಬೇಕು. ಕೋಣೆಯ ಉಷ್ಣತೆ ಕೊಡುವ ಶಕ್ತಿ 0.025 ಎಲೆಕ್ಟ್ರಾನ್‌ವೋಲ್ಟ್. ಏರುವುದು ಆಗದ ಮಾತು. ಆದ್ದರಿಂದ ಎಲೆಕ್ಟ್ರಾನು ಎದುರಿನ ಬಾಗಿಲಿನಿಂದ ವ್ಯರ್ಥವಾಗಿ ಹೊರಹೋಗಲಾರದು, ಗಡಿಯಲ್ಲಿ ರಂಧ್ರವನ್ನು ಕೂಡಲೇಬೇಕು. ಕೂಡಿ ಹುಟ್ಟಿದ ಎಕ್ಸಿಟಾನಿಗೂ ಟಿಎಪಿಸಿಯ ಕಡೆ ದಾರಿಯಿಲ್ಲ, ಆ ವಸ್ತುವನ್ನು ಉದ್ರೇಕಿಸಲು ಬೇಕಾದಷ್ಟು ಶಕ್ತಿ ಅದರಲ್ಲಿಲ್ಲ. ಇನ್ನೊಂದು ಬದಿಯಲ್ಲಿ ಲೋಹ ಇರುವುದು 60 ನ್ಯಾನೊಮೀಟರ್ ದೂರದಲ್ಲಿ, ಎಕ್ಸಿಟಾನನ್ನು ಆರಿಸಲಾಗದಷ್ಟು ದೂರ.

ಆ 60 ನ್ಯಾನೊಮೀಟರಿಗೆ ಇನ್ನೊಂದು ಗುಣವೂ ಇದೆ. ಮೇಲಿನ ಲೋಹ ಕನ್ನಡಿಯೂ ಹೌದು. ಗಡಿಯಿಂದ ನೇರ ಗಾಜಿನ ಕಡೆಗೆ ಹೋದ ಬೆಳಕೂ ಲೋಹಕ್ಕೆ ತಾಗಿ ಹಿಂತಿರುಗಿದ ಬೆಳಕೂ ಒಂದನ್ನೊಂದು ಬಲಪಡಿಸಬೇಕಾದರೆ ಕನ್ನಡಿಗೂ ಬೆಳಕಿನ ಮೂಲಕ್ಕೂ ನಡುವೆ ಸುಮಾರು ಕಾಲು ಅಲೆಯುದ್ದ ಇರಬೇಕು. 550 ನ್ಯಾನೊಮೀಟರಿನ ಹಸಿರು ಬೆಳಕಿಗೆ, ವಸ್ತುವಿನ ವಕ್ರೀಭವನ ಸೂಚ್ಯಂಕ 1.7 ಎಂದು ಹಿಡಿದರೆ, ಅದು 80 ನ್ಯಾನೊಮೀಟರಿನ ಆಸುಪಾಸು. 60 ಅದರಿಂದ ಬಹಳ ದೂರವಿಲ್ಲ.

ನೂರು ಎಲೆಕ್ಟ್ರಾನಿನ ಲೆಕ್ಕ

ಶೇ. 1 ಎಂದರೆ ಬಹಳ ಕಡಿಮೆ ಎಂದು ತೋರುತ್ತದೆ. ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಿ.

ನೂರು ಎಲೆಕ್ಟ್ರಾನುಗಳು ನೂರು ರಂಧ್ರಗಳನ್ನು ಕೂಡಿದವು ಎನ್ನೋಣ. ನೂರು ಎಕ್ಸಿಟಾನುಗಳು. ಎಲೆಕ್ಟ್ರಾನಿಗೆ ಸ್ಪಿನ್ ಎಂಬ ಗುಣವಿದೆ. ಕೂಡುವ ಜೋಡಿಗಳ ಸ್ಪಿನ್ ನಾಲ್ಕು ಬಗೆಯಲ್ಲಿ ಹೊಂದಬಹುದು. ಅದರಲ್ಲಿ ಒಂದು ಬಗೆ ಸಿಂಗ್ಲೆಟ್, ಮೂರು ಟ್ರಿಪ್ಲೆಟ್. ಆಲ್ಕ್ಯೂ-3ರಂಥ ವಸ್ತುವಿನಲ್ಲಿ ಸಿಂಗ್ಲೆಟ್ ಮಾತ್ರ ಬೆಳಕು ಕೊಡುತ್ತದೆ, ಟ್ರಿಪ್ಲೆಟ್ ಶಾಖವಾಗಿ ಮುಗಿಯುತ್ತದೆ. ಉಳಿದದ್ದು 25. ಆಲ್ಕ್ಯೂ-3ರ ಹೊಳಪು ಕಾಲು ಭಾಗ, ಅಂದರೆ ಫೋಟಾನಾಗುವುದು ಸುಮಾರು 6. ಆ ಆರರಲ್ಲೂ ಬಹುಪಾಲು ಪದರಗಳ ಒಳಗೆ, ಗಾಜಿನ ಒಳಗೆ ಪ್ರತಿಫಲಿಸುತ್ತ ಸಿಕ್ಕಿಬೀಳುತ್ತವೆ. ನೇರ ಹೊರಬರುವುದು ಐದರಲ್ಲಿ ಒಂದು. ಕೊನೆಗೆ ಕೈಗೆ ಸಿಗುವುದು ಒಂದಕ್ಕಿಂತ ತುಸು ಹೆಚ್ಚು.

ಟಾಂಗ್ ಅಳೆದದ್ದು ಒಂದು. ಅಂದರೆ ಆ ವಸ್ತುವಿನಿಂದ ಪಡೆಯಬಹುದಾದದ್ದನ್ನು ಆ ರಚನೆ ಹೆಚ್ಚುಕಮ್ಮಿ ಪೂರ್ತಿ ಪಡೆದಿತ್ತು. ಕೂಡಿಸುವ ಕೆಲಸದಲ್ಲಿ ಆಗುತ್ತಿದ್ದ ನಷ್ಟವನ್ನು ಎರಡು ಪದರಗಳು ಬಹುತೇಕ ನಿಲ್ಲಿಸಿದ್ದವು. ಉಳಿದ ಮೂರು ನಷ್ಟಗಳು (ಹೊಳಪಿನದು, ಸ್ಪಿನ್ನಿನದು, ಸಿಕ್ಕಿಬೀಳುವ ಬೆಳಕಿನದು) ಹಾಗೆಯೇ ಇದ್ದವು. ಮುಂದಿನ ಮೂವತ್ತು ವರ್ಷಗಳಲ್ಲಿ ನಡೆದದ್ದು ಈ ಮೂರರ ವಿರುದ್ಧದ ಕೆಲಸ. ಅಲ್ಲಿಯೂ ಮತ್ತೆ ಮತ್ತೆ ಕೈಹಿಡಿದದ್ದು ಹೊಸದೊಂದು ಪದರ.

ಮೊದಲ ಪ್ರಬಂಧದ ದೀಪ ಬಹಳ ಬಾಳಲಿಲ್ಲ ಎಂಬುದನ್ನೂ ಹೇಳಬೇಕು. ಒಣ ಆರ್ಗಾನ್ ಅನಿಲದಲ್ಲಿಟ್ಟು, ಮಂದ ಪ್ರಖರತೆಯಲ್ಲಿ ಉರಿಸಿದರೂ ಸುಮಾರು 100 ಗಂಟೆಯಲ್ಲಿ ಅದರ ಬೆಳಕು ಅರ್ಧಕ್ಕಿಳಿಯಿತು. ಲೇಖಕರು ಅದನ್ನು ಮರೆಮಾಚದೆ ಬರೆದರು.

ಒಂದೊಂದೇ ಪದರ ಸೇರಿದ್ದು

1988ರಲ್ಲಿ ಜಪಾನಿನ ಕ್ಯುಶು ವಿಶ್ವವಿದ್ಯಾಲಯದ ಅಡಾಚಿ, ತ್ಸುತ್ಸುಯಿ, ಸೈಟೊ ಮತ್ತು ಸಂಗಡಿಗರು ಮೂರು ಪದರದ ದೀಪ ತೋರಿಸಿದರು. ರಂಧ್ರ ಸಾಗಿಸಲು ಒಂದು, ಎಲೆಕ್ಟ್ರಾನು ಸಾಗಿಸಲು ಒಂದು, ನಡುವೆ ಹೊಳೆಯಲು ಒಂದು. ಇದರಿಂದ ಹೊಳೆಯುವ ವಸ್ತುವಿನ ಹೆಗಲಿನಿಂದ ಸಾಗಣೆಯ ಭಾರ ಇಳಿಯಿತು.

1989ರಲ್ಲಿ ಟಾಂಗ್, ವ್ಯಾನ್ ಸ್ಲೈಕ್ ಮತ್ತು ಚೆನ್ ಆಲ್ಕ್ಯೂ-3ರ ಒಳಗೆ ಅತಿ ಕಡಿಮೆ ಪ್ರಮಾಣದಲ್ಲಿ ಕೂಮರಿನ್, ಡಿಸಿಎಂ ಎಂಬ ಚೆನ್ನಾಗಿ ಹೊಳೆಯುವ ಬಣ್ಣಗಳನ್ನು ಬೆರೆಸಿದರು. ಆಲ್ಕ್ಯೂ-3ರಲ್ಲಿ ಹುಟ್ಟಿದ ಎಕ್ಸಿಟಾನ್ ತನ್ನ ಶಕ್ತಿಯನ್ನು ಬಣ್ಣದ ಅಣುವಿಗೆ ದಾಟಿಸುತ್ತದೆ, ಹೊಳೆಯುವುದು ಬಣ್ಣದ ಅಣು. ದಕ್ಷತೆ ಎರಡು ಪಟ್ಟಿಗೂ ಹೆಚ್ಚಾಗಿ ಶೇ. 2.5ಕ್ಕೆ ಬಂತು. ಬೆರೆಸಿದ ಬಣ್ಣಕ್ಕೆ ತಕ್ಕಂತೆ ದೀಪದ ಬಣ್ಣವೂ ನೀಲಿಹಸಿರಿನಿಂದ ಕಿತ್ತಳೆಗೆಂಪಿನವರೆಗೆ ಬದಲಾಯಿತು. ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಇದರೊಳಗಿನ ಇನ್ನೊಂದು ಫಲಿತಾಂಶ. ಬಣ್ಣ ಬೆರೆತ ತೆಳು ಪಟ್ಟಿಯನ್ನು ಗಡಿಯಿಂದ ಬೇರೆ ಬೇರೆ ದೂರದಲ್ಲಿಟ್ಟು ನೋಡಿದರೆ ಯಾವ ಬಣ್ಣದ ಬೆಳಕು ಬಂತು ಎಂಬುದರಿಂದಲೇ ಎಕ್ಸಿಟಾನುಗಳು ಎಲ್ಲಿವೆ ಎಂದು ತಿಳಿಯುತ್ತದೆ. ಹಾಗೆ ನೋಡಿದಾಗ, ಬಣ್ಣ ಬೆರೆಸಿದ ಸಾಧನದಲ್ಲಿ ಕೂಡುವಿಕೆಯನ್ನೂ ಬೆಳಕನ್ನೂ ಗಡಿಯ ಪಕ್ಕದ ಸುಮಾರು 5 ನ್ಯಾನೊಮೀಟರಿನಲ್ಲೇ ಹಿಡಿದಿಡಬಹುದು ಎಂದು ಗೊತ್ತಾಯಿತು. ಗಡಿಯ ಮಹತ್ವಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಇಲ್ಲ.

1990ರಲ್ಲಿ ಕೇಂಬ್ರಿಜ್‌ನ ತಂಡ ಪಾಲಿಮರಿನಿಂದಲೂ ದೀಪ ಮಾಡಬಹುದೆಂದು ತೋರಿಸಿತು. ದ್ರಾವಣವನ್ನು ಸವರಿ ಒಣಗಿಸಿದರೆ ಆಯಿತು, ನಿರ್ವಾತ ಕೋಣೆ ಬೇಡ. ಆದರೆ ಒಂದು ಪದರದ ಮೇಲೆ ಇನ್ನೊಂದರ ದ್ರಾವಣ ಸವರಿದರೆ ಕೆಳಗಿನದೂ ಕರಗತೊಡಗುತ್ತದೆ. ಆವಿಯಾಗಿಸುವ ವಿಧಾನದಲ್ಲಿ ಈ ಗೊಡವೆಯಿಲ್ಲ, ಹತ್ತು ಪದರ ಬೇಕಾದರೂ ಒಂದಕ್ಕೊಂದು ಕಲೆಯದಂತೆ ಕೂರಿಸಬಹುದು. ಇಂದು ಫೋನುಗಳ ಪರದೆಯಲ್ಲಿ ಆವಿಯ ವಿಧಾನವೇ ಉಳಿದಿರುವುದಕ್ಕೆ ಇದು ಮುಖ್ಯ ಕಾರಣಗಳಲ್ಲೊಂದು.

ಬಾಳಿಕೆಯ ತೊಂದರೆಗೂ ಉತ್ತರ ಪದರದಿಂದಲೇ ಬಂತು. ಟಿಎಪಿಸಿ ಸುಮಾರು 80 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆದುವಾಗುತ್ತದೆ, ಮೆದುವಾದ ಪೊರೆ ಹರಳುಗಟ್ಟುತ್ತದೆ. ಅದರ ಜಾಗಕ್ಕೆ 95 ಡಿಗ್ರಿಯವರೆಗೆ ತಡೆಯುವ, ಅದೇ ಜಾತಿಯ ಎನ್‌ಪಿಬಿ ಎಂಬ ವಸ್ತು ಬಂತು. ಆಕ್ಸೈಡಿಗೂ ಅದಕ್ಕೂ ನಡುವೆ ರಂಧ್ರಗಳ ಪ್ರವೇಶವನ್ನು ಸ್ಥಿರಗೊಳಿಸುವ ಒಂದು ತೆಳು ಪದರ ಹಾಕಿದರು. ಆ ಪದರ ಯಾವುದು? ಅದೇ ತಾಮ್ರದ ಥ್ಯಾಲೊಸಯನೀನ್, ಹತ್ತು ವರ್ಷದ ಹಿಂದೆ ಟಾಂಗ್ ಸೌರಕೋಶದಲ್ಲಿ ಬಳಸಿದ ನೀಲಿ. 1996ರ ಈ ಪ್ರಬಂಧದ ದೀಪ, ಪರ್ಯಾಯ ವಿದ್ಯುತ್ತಿನಲ್ಲಿ ಉರಿಸಿದಾಗ, ಚದರ ಮೀಟರಿಗೆ 510 ಕ್ಯಾಂಡೆಲಾದಿಂದ ಶುರುವಾಗಿ ಅರ್ಧಕ್ಕಿಳಿಯಲು ಸುಮಾರು 4000 ಗಂಟೆ ತೆಗೆದುಕೊಂಡಿತು. ಹತ್ತು ಪಟ್ಟು ಹೆಚ್ಚು ಪ್ರಖರತೆಯಲ್ಲಿ ನಲವತ್ತು ಪಟ್ಟು ಆಯುಸ್ಸು.

ಮರುವರ್ಷ ಕೊಡಾಕ್‌ನ ಹಂಗ್, ಟಾಂಗ್ ಮತ್ತು ಮೇಸನ್ ಇನ್ನೊಂದು ವಿಚಿತ್ರವನ್ನು ತೋರಿಸಿದರು. ಆಲ್ಕ್ಯೂ-3ಕ್ಕೂ ಅಲ್ಯೂಮಿನಿಯಂ ಲೋಹಕ್ಕೂ ನಡುವೆ ಲಿಥಿಯಂ ಫ್ಲೋರೈಡನ್ನು ಒಂದು ನ್ಯಾನೊಮೀಟರಿಗೂ ಕಡಿಮೆ ದಪ್ಪದಲ್ಲಿ ಹಾಕಿದರೆ ಎಲೆಕ್ಟ್ರಾನುಗಳ ಪ್ರವೇಶ ಮೆಗ್ನೀಸಿಯಂ–ಬೆಳ್ಳಿಗಿಂತಲೂ ಸುಲಭವಾಗುತ್ತದೆ. ಲಿಥಿಯಂ ಫ್ಲೋರೈಡ್ ವಿದ್ಯುತ್ ನಿರೋಧಕ! ದಪ್ಪ ಸ್ವಲ್ಪ ಹೆಚ್ಚಿಸಿದರೂ ಅದು ತಡೆಗೋಡೆಯಾಗುತ್ತದೆ. ಎರಡು ಮೂರು ಪರಮಾಣುಗಳಷ್ಟು ದಪ್ಪದಲ್ಲಿ ಅದು ಬಾಗಿಲು.

ಸ್ಪಿನ್ನಿನ ಗೋಡೆ

ನೂರಕ್ಕೆ 75 ಎಕ್ಸಿಟಾನುಗಳನ್ನು ನುಂಗುವ ಟ್ರಿಪ್ಲೆಟ್ ನಷ್ಟವೇ ಎಲ್ಲಕ್ಕಿಂತ ದೊಡ್ಡದು. 1998ರಲ್ಲಿ ಪ್ರಿನ್ಸ್‌ಟನ್‌ನ ಸ್ಟೀಫನ್ ಫಾರೆಸ್ಟ್, ಮಾರ್ಕ್ ಬಾಲ್ಡೊ, ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾರ್ಕ್ ಥಾಂಪ್ಸನ್ ಮತ್ತು ಸಂಗಡಿಗರು ಪ್ಲಾಟಿನಂ ಇರುವ ಕೆಂಪು ಬಣ್ಣವೊಂದನ್ನು ಬೆರೆಸಿದರು. ಪ್ಲಾಟಿನಂ, ಇರಿಡಿಯಂನಂಥ ಭಾರ ಪರಮಾಣುಗಳು ಹತ್ತಿರವಿದ್ದರೆ ಸ್ಪಿನ್ನಿನ ನಿಯಮ ಸಡಿಲವಾಗುತ್ತದೆ, ಟ್ರಿಪ್ಲೆಟ್ಟೂ ಬೆಳಕು ಕೊಡುತ್ತದೆ. 1999ರಲ್ಲಿ ಇರಿಡಿಯಂನ ಹಸಿರು ಸಂಯುಕ್ತದಿಂದ ಶೇ. 8 ದಕ್ಷತೆ ಬಂತು.

ಇಲ್ಲಿ ಎಲ್ಲರ ಕಣ್ಣು ಇರಿಡಿಯಂ ಮೇಲೆ ನೆಡುತ್ತದೆ. ಅದರ ಪಕ್ಕದಲ್ಲಿದ್ದ ಬಿಸಿಪಿ ಎಂಬ ಪದರವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಟ್ರಿಪ್ಲೆಟ್ ಎಕ್ಸಿಟಾನಿನ ಆಯುಸ್ಸು ಸಿಂಗ್ಲೆಟ್ಟಿಗಿಂತ ಬಹಳ ಹೆಚ್ಚು. ಬೆಳಕಾಗುವ ಮೊದಲು ಅದು ಅಲೆಯುತ್ತ ದೂರ ಹೋಗುತ್ತದೆ, ಹೊಳೆಯುವ ಪದರವನ್ನೇ ದಾಟಿಹೋಗಬಲ್ಲದು. ಬಿಸಿಪಿ ಅದಕ್ಕೆ ಬೇಲಿ. ರಂಧ್ರವನ್ನೂ ಎಕ್ಸಿಟಾನನ್ನೂ ತಡೆದು, ಎಲೆಕ್ಟ್ರಾನನ್ನು ಮಾತ್ರ ಬಿಡುತ್ತದೆ. 1987ರಲ್ಲಿ ಟಿಎಪಿಸಿ ಒಂದು ಬದಿಯಲ್ಲಿ ಮಾಡಿದ ಕೆಲಸವನ್ನು ಇದು ಇನ್ನೊಂದು ಬದಿಯಲ್ಲಿ ಮಾಡಿತು. 2001ರ ಹೊತ್ತಿಗೆ, ಜಪಾನಿನಿಂದ ಪ್ರಿನ್ಸ್‌ಟನ್‌ಗೆ ಬಂದಿದ್ದ ಅಡಾಚಿ ಸೇರಿದ ತಂಡ ಬಾಹ್ಯ ದಕ್ಷತೆಯನ್ನು ಶೇ. 19ಕ್ಕೆ ಒಯ್ದಿತು. ಹೊರಬರಲಾಗದೆ ಸಿಕ್ಕಿಬಿದ್ದ ಬೆಳಕನ್ನೂ ಲೆಕ್ಕಕ್ಕೆ ಹಿಡಿದರೆ ಒಳಗೆ ಕೂಡಿದ ಜೋಡಿಗಳಲ್ಲಿ ಬಹುತೇಕ ಎಲ್ಲವೂ ಬೆಳಕಾಗಿದ್ದವು. 2012ರಲ್ಲಿ, ಮತ್ತೆ ಕ್ಯುಶುವಿನಿಂದ, ಅಡಾಚಿಯವರ ತಂಡ ಭಾರ ಲೋಹವಿಲ್ಲದೆಯೇ ಟ್ರಿಪ್ಲೆಟ್ಟನ್ನು ಸಿಂಗ್ಲೆಟ್ಟಾಗಿ ತಿರುಗಿಸುವ ಅಣುಗಳಿಂದ ಇದೇ ಮಟ್ಟ ಮುಟ್ಟಿತು.

ಉಳಿದದ್ದು ಗಾಜಿನೊಳಗೆ ಸಿಕ್ಕಿಬೀಳುವ ಬೆಳಕು. 2009ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ತಂಡ ಹೆಚ್ಚಿನ ವಕ್ರೀಭವನದ ಗಾಜು ಬಳಸಿ ಚದರ ಮೀಟರಿಗೆ 1000 ಕ್ಯಾಂಡೆಲಾ ಪ್ರಖರತೆಯಲ್ಲಿ ವ್ಯಾಟಿಗೆ 90 ಲ್ಯೂಮೆನ್ ಕೊಡುವ ಬಿಳಿ ದೀಪ ಮಾಡಿತು, ಅದು ಟ್ಯೂಬ್‌ಲೈಟಿನ ಮಟ್ಟ. ಟಾಂಗ್‌ರ ಮೊದಲ ದೀಪ ವ್ಯಾಟಿಗೆ 1.5 ಲ್ಯೂಮೆನ್ ಕೊಟ್ಟಿತ್ತು.

ಮಾರುಕಟ್ಟೆ, ಮತ್ತು ಉಳಿದ ನೀಲಿ

1997ರಲ್ಲಿ ಜಪಾನಿನ ಪಯೊನಿಯರ್ ಕಂಪನಿ ಕಾರಿನ ಸ್ಟೀರಿಯೊಗೆ ಹಸಿರು ಓಎಲ್‌ಇಡಿ ಫಲಕ ಹಾಕಿತು. 2003ರಲ್ಲಿ ಕೊಡಾಕ್ ತನ್ನ ಡಿಜಿಟಲ್ ಕ್ಯಾಮೆರಾದಲ್ಲಿ, 2007ರಲ್ಲಿ ಸೋನಿ 11 ಇಂಚಿನ ಟಿವಿಯಲ್ಲಿ ಇದನ್ನು ತಂದವು. 2009ರ ಕೊನೆಗೆ ಕೊಡಾಕ್ ತನ್ನ ಓಎಲ್‌ಇಡಿ ವ್ಯವಹಾರವನ್ನು ಎಲ್‌ಜಿ ಸಮೂಹಕ್ಕೆ ಮಾರಿತು. ಎರಡೇ ವರ್ಷದಲ್ಲಿ, 2012ರ ಜನವರಿಯಲ್ಲಿ, ಕಂಪನಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಫಿಲ್ಮಿನ ವ್ಯಾಪಾರದ ಜೊತೆಗೆ ಇಂಥದ್ದೊಂದು ಬೀಜವೂ ಅದೇ ಮನೆಯಲ್ಲಿ ಮೊಳೆತಿತ್ತು ಎಂದು ಓದುವಾಗ ನನಗೆ ಇಂದಿಗೂ ಸಂಕಟವಾಗುತ್ತದೆ. ಟಾಂಗ್ ಅಷ್ಟರಲ್ಲಿ ರೋಚೆಸ್ಟರ್ ವಿಶ್ವವಿದ್ಯಾಲಯ ಸೇರಿದ್ದರು. 2011ರಲ್ಲಿ ವುಲ್ಫ್ ಪ್ರಶಸ್ತಿ, 2019ರಲ್ಲಿ ಕ್ಯೋಟೊ ಪ್ರಶಸ್ತಿ ಅವರಿಗೆ ಬಂದವು. ವ್ಯಾನ್ ಸ್ಲೈಕ್ ಮತ್ತು ಟಾಂಗ್ ಇಬ್ಬರೂ 2018ರಲ್ಲಿ ಅಮೆರಿಕದ ರಾಷ್ಟ್ರೀಯ ಆವಿಷ್ಕಾರಿಗಳ ಗೌರವ ಪಟ್ಟಿಗೆ ಸೇರಿದರು.

ನಿಮ್ಮ ಕೈಯಲ್ಲಿರುವ ಫೋನಿನದು ಓಎಲ್‌ಇಡಿ ಪರದೆಯಾಗಿದ್ದರೆ ಅದರ ಹಸಿರು ಮತ್ತು ಕೆಂಪು ಚುಕ್ಕೆಗಳು ಟ್ರಿಪ್ಲೆಟ್ಟುಗಳನ್ನೂ ಬೆಳಕಾಗಿಸುತ್ತವೆ. ನೀಲಿ ಬಹುಪಾಲು ಇನ್ನೂ ಸಿಂಗ್ಲೆಟ್ ಮಾತ್ರ ಬೆಳಕಾಗುವ ಹಳೆಯ ಫ್ಲೋರೆಸೆನ್ಸ್ ಬಗೆಯದ್ದೇ. ನೀಲಿ ಫೋಟಾನಿನ ಶಕ್ತಿ ಸುಮಾರು 2.7 ಎಲೆಕ್ಟ್ರಾನ್‌ವೋಲ್ಟ್. ಬಹುಕಾಲ ಬದುಕುವ ಎರಡು ನೀಲಿ ಟ್ರಿಪ್ಲೆಟ್ಟುಗಳು ಡಿಕ್ಕಿ ಹೊಡೆದರೆ, ಇಲ್ಲವೇ ಒಂದು ಟ್ರಿಪ್ಲೆಟ್ ದಾರಿಹೋಕ ಆವೇಶವೊಂದಕ್ಕೆ ತಾಗಿದರೆ, ಒಟ್ಟಾಗುವ ಶಕ್ತಿ ಅಣುವಿನ ಬಂಧವನ್ನೇ ಕಡಿಯಲು ಸಾಕು. ಹಾಗೆ ಕಡಿದ ಪ್ರತಿ ಅಣುವೂ ಮುಂದೆ ಬರುವ ಎಕ್ಸಿಟಾನುಗಳನ್ನು ಆರಿಸುವ ಗುಂಡಿಯಾಗುತ್ತದೆ.

ಸದ್ಯಕ್ಕೆ ಇದರ ಭಾರ ಇಳಿಸಲು ಒಂದು ದಾರಿ ಬಳಕೆಯಲ್ಲಿದೆ, ಅದೂ ಪದರದ್ದೇ. ಒಂದು ಪೂರ್ತಿ ದೀಪದ ಮೇಲೆ ಇನ್ನೊಂದು ಪೂರ್ತಿ ದೀಪವನ್ನು ಕೂರಿಸುವುದು. ಜಪಾನಿನ ಜುಂಜಿ ಕಿಡೊ ಮತ್ತು ಕೊಡಾಕ್‌ನ ಲಿಯಾವೊ, ಟಾಂಗ್ ಮುಂತಾದವರು 2003–04ರಲ್ಲಿ ಇದನ್ನು ತೋರಿಸಿದರು. 2024ರ ಐಪ್ಯಾಡ್ ಪ್ರೊದ ಪರದೆ ಈ ಬಗೆಯದ್ದು. ಅಷ್ಟೇ ಬೆಳಕಿಗೆ ಅರ್ಧ ವಿದ್ಯುತ್ ಪ್ರವಾಹ ಸಾಕು (ವೋಲ್ಟೇಜ್ ಎರಡು ಪಟ್ಟು ಬೇಕು), ಹಾಗಾಗಿ ಪ್ರತಿ ಪದರದಲ್ಲೂ ಡಿಕ್ಕಿಗಳು ಕಡಿಮೆ, ಆಯುಸ್ಸು ಹೆಚ್ಚು. ಎರಡು ದೀಪಗಳ ನಡುವೆ ಆವೇಶ ಹುಟ್ಟಿಸುವ ಒಂದು ಜೋಡಿ ಪದರ ಇರುತ್ತದೆ. ಒಂದು ಎಲೆಕ್ಟ್ರಾನು ಕೊಡುತ್ತದೆ, ಇನ್ನೊಂದು ತೆಗೆದುಕೊಳ್ಳುತ್ತದೆ. ಅವುಗಳ ಗಡಿಯಲ್ಲಿ ಎಲೆಕ್ಟ್ರಾನೂ ರಂಧ್ರವೂ ಬೇರೆಯಾಗಿ, ಒಂದು ಮೇಲಿನ ದೀಪಕ್ಕೆ, ಇನ್ನೊಂದು ಕೆಳಗಿನ ದೀಪಕ್ಕೆ ಹೋಗುತ್ತದೆ. 1986ರ ಸೌರಕೋಶದ ಗಡಿಯಲ್ಲಿ ಬೆಳಕು ಬಿದ್ದಾಗ ಆಗುತ್ತಿದ್ದ ಅಗಲಿಕೆ ಇಲ್ಲಿ ವೋಲ್ಟೇಜಿನ ಒತ್ತಡದಿಂದ ನಡೆಯುತ್ತದೆ.